ಕಾಣದೆ ಹೋದ ಅಂತಿಯೋಕ್ಯ

2023ನೆಯ ಇಸವಿ ಫೆಬ್ರವರಿ ತಿಂಗಳ 6ನೆಯ ತಾರೀಖು ಸೋಮವಾರ ಬೆಳಗಿನ ಜಾವ ನಾಲ್ಕು ಗಂಟೆ ಹದಿನೇಳು ನಿಮಿಷಕ್ಕೆ ತುರ್ಕಿ ದೇಶದ ದಕ್ಷಿಣ ಸೀಮೆಯಲ್ಲಿ ಭೂಮಿಯು ನಡುಗಿತು. ಜನರು ನಿದ್ರೆಯಲ್ಲಿದ್ದರು. ಆ ಕಂಪನದ ಪ್ರಮಾಣವು 7.8. ಸುಮಾರು ಒಂಬತ್ತು ತಾಸುಗಳ ಮೇಲೆ 7.5 ಪ್ರಮಾಣದ ಮತ್ತೊಂದು ಕಂಪನವು ಉಂಟಾಯಿತು. ಆ ಒಂದು ದೇಶದಲ್ಲಿಯೇ 53,000ಕ್ಕೂ ಹೆಚ್ಚು ಜನರು ಸತ್ತರು. ನೆರೆಯ ಸಿರಿಯ ದೇಶದಲ್ಲಿಯೂ ಸಾವಿರಾರು ಜನರು ಸತ್ತರು. ಬಹಳವಾಗಿ ಹಾಳಾದ ಪಟ್ಟಣಗಳಲ್ಲಿ ಒಂದಕ್ಕೆ ಈಗಿನವರು ಅಂತಾಕ್ಯ ಎನ್ನುತ್ತಾರೆ. ಸತ್ಯವೇದದಲ್ಲಿ ನಾವು ಅಂತಿಯೋಕ್ಯ ಎಂದು ಓದುವ ಪಟ್ಟಣವು ಇದೇ. ಪಿಸಿದ್ಯ ಸೀಮೆಯಲ್ಲಿಯೂ ಇದೇ ಹೆಸರಿನ ಊರು ಒಂದಿತ್ತು; ಅದು ಬೇರೆ.

ಈ ಸುದ್ದಿಯನ್ನು ಕೇಳಿದಾಗ ನನ್ನ ಮನಸ್ಸಿನಲ್ಲಿ ಮೊದಲು ಹುಟ್ಟಿದ ಮಾತು ಯಾವದೆಂದು ಹೇಳುವದಕ್ಕೆ ನಾಚಿಕೆಯಾಗುತ್ತದೆ. "ಅಯ್ಯೋ, ನಾನು ಅದನ್ನು ನೋಡಲೇ ಇಲ್ಲವಲ್ಲಾ" ಎಂಬದೇ ಆ ಮಾತು. ಕಲ್ಲುಮಣ್ಣಿನ ಕೆಳಗೆ ಜನರು ಇನ್ನೂ ಕೂಗಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಸಾವಿರಾರು ಮೈಲು ದೂರದ ಹಳ್ಳಿಯ ಉಪದೇಶಿಯೊಬ್ಬನು ತನ್ನ ಕಣ್ಣಿಗಾದ ನಷ್ಟವನ್ನು ಲೆಕ್ಕಿಸುತ್ತಾ ಕುಳಿತಿದ್ದನು. ಇಂಥ ದುಃಖವು ಎಂಥದ್ದು? ಇದು ಪ್ರೀತಿಯೋ, ಪ್ರೀತಿಯ ವೇಷವನ್ನು ಹಾಕಿಕೊಂಡ ಸ್ವಾರ್ಥವೋ? ಈ ಪ್ರಶ್ನೆಯು ಬಹು ದಿವಸಗಳ ವರೆಗೆ ನನ್ನನ್ನು ಬಿಡಲಿಲ್ಲ.

ಆ ಪಟ್ಟಣದ ಮೇಲೆ ನನಗೆ ಮಮತೆ ಹುಟ್ಟಿದ್ದು ಸೆಮಿನೆರಿಯ ಗೋಡೆಯ ಮೇಲೆ ತೂಗಿದ್ದ ಪೌಲನ ಸಂಚಾರಗಳ ನಕಾಶೆಯಿಂದ. ಎಲ್ಲಾ ಗೆರೆಗಳೂ ಆ ಒಂದು ಚುಕ್ಕೆಯಿಂದಲೇ ಹೊರಡುತ್ತಿದ್ದವು. ವಿದ್ಯಾರ್ಥಿಗಳ ಬೆರಳು ತಗಲಿ ತಗಲಿ ಆ ಸ್ಥಳದಲ್ಲಿ ಕಾಗದವು ಸವೆದು ಬೆಳ್ಳಗಾಗಿತ್ತು. ಯೇಸುವಿನ ಶಿಷ್ಯರಿಗೆ ನಾವು ಇಂದು ಹೊತ್ತಿರುವ ಹೆಸರು ಮೊದಲು ಬಂದದ್ದು ಅಲ್ಲಿ. ಆ ಹೆಸರನ್ನು ಅವರು ತಾವೇ ಇಟ್ಟುಕೊಳ್ಳಲಿಲ್ಲ, ಊರಿನವರು ಕೊಟ್ಟರು. ಪ್ರಾಯಶಃ ಹಾಸ್ಯಕ್ಕಾಗಿಯೇ ಕೊಟ್ಟಿರಬಹುದು. ಊರಿನವರು ಇಟ್ಟ ಹೆಸರುಗಳನ್ನು ಹೊತ್ತು ತಿರುಗಿದ ಹಿರಿಯರು ನಮ್ಮ ಸಭೆಗಳಲ್ಲಿಯೂ ಇದ್ದಾರಲ್ಲವೇ? ಬಾರ್ನಬನನ್ನೂ ಸೌಲನನ್ನೂ ಉಪವಾಸ ಪ್ರಾರ್ಥನೆಗಳಿಂದ ದೂರದೇಶಗಳಿಗೆ ಕಳುಹಿಸಿದ ಸಭೆಯೂ ಅದೇ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲಿನ ಮಿಶನೆರಿಗಳು ನಡೆದದ್ದು ಆ ಸಭೆಯು ತೆರೆದ ದಾರಿಯಲ್ಲಿಯೇ.

ಆ ಪಟ್ಟಣವನ್ನು ಕ್ರಿಸ್ತಪೂರ್ವ 300ರ ಸುಮಾರಿಗೆ ಕಟ್ಟಿಸಿದ ಸೆಲ್ಯೂಕಸನು ನಮ್ಮ ಚಂದ್ರಗುಪ್ತ ಮೌರ್ಯನೊಡನೆ ಸಂಧಿ ಮಾಡಿಕೊಂಡು ಐನೂರು ಆನೆಗಳನ್ನು ಪಡೆದ ಅರಸನೇ. ಆ ಚಂದ್ರಗುಪ್ತನು ಕಡೆಗೆ ಶ್ರವಣಬೆಳ್ಗೊಳದಲ್ಲಿ ಪ್ರಾಣಬಿಟ್ಟನೆಂದು ಜೈನರು ಹೇಳುತ್ತಾರೆ. ಹೀಗೆ ಅಂತಿಯೋಕ್ಯವು ನಾವು ನೆನಸುವಷ್ಟು ಪರಕೀಯವಲ್ಲ. ಇದು ಪ್ರಸಂಗಕ್ಕೆ ಬೇಕಾದ ಮಾತಲ್ಲ. ಪ್ರಿಯವಾದದ್ದನ್ನು ಕುರಿತು ಮಾತನಾಡುವವನು ಸ್ವಲ್ಪ ಹೆಚ್ಚಾಗಿಯೇ ಮಾತನಾಡುತ್ತಾನೆ.

ನನ್ನ ಮಮತೆಗೆ ಎಲ್ಲಕ್ಕಿಂತ ದೊಡ್ಡ ಕಾರಣವು ಒಂದು ಊಟ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಪೌಲನು ಅದನ್ನು ತಿಳಿಸುತ್ತಾನೆ. ಅಂತಿಯೋಕ್ಯದಲ್ಲಿ ಯೆಹೂದ್ಯರೂ ಅನ್ಯಜನರೂ ಕೂಡಿ ಕುಳಿತು ಉಣ್ಣುತ್ತಿದ್ದರು. ಪೇತ್ರನೂ ಅವರೊಡನೆ ಉಣ್ಣುತ್ತಿದ್ದನು. ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೆ ಅವನು ಅಂಜಿ ಪಂಕ್ತಿಯಿಂದ ಎದ್ದನು. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು, ಬಾರ್ನಬನೂ ಎದ್ದನು. ಆಗ ಪೌಲನು ಎಲ್ಲರ ಮುಂದೆ ಪೇತ್ರನನ್ನು ಗದರಿಸಿದನು. ಪಂಕ್ತಿಭೇದವೆಂಬದು ಏನೆಂದು ಪುಸ್ತಕದಿಂದ ಕಲಿಯಬೇಕಾದವರು ಇದನ್ನು ಒಂದು ತರ್ಕವಾಗಿ ಓದಬಹುದು. ನಮ್ಮವರು ಹಾಗೆ ಓದಲಾರರು.

ನಮ್ಮ ಸಭೆಯಲ್ಲಿ ಒಬ್ಬ ಮುದುಕನಿದ್ದನು. ಅವನ ತಂದೆಯು ಗೌಡರ ಹೊಲದಲ್ಲಿ ದಿನವೆಲ್ಲಾ ದುಡಿದು ದನದ ಕೊಟ್ಟಿಗೆಯ ಹೊರಗೆ ಎಲೆ ಹಾಕಿಸಿಕೊಂಡು ಉಂಡವನು. ಆ ಎಲೆಯನ್ನು ತಾನೇ ಎತ್ತಿ, ಆ ಸ್ಥಳವನ್ನು ತಾನೇ ಸಾರಿಸಿ ಬರಬೇಕಾಗಿತ್ತು. ಒಂದು ಸಾಯಂಕಾಲದ ಪ್ರಾರ್ಥನಾಕೂಟದಲ್ಲಿ ನಾನು ಈ ಅಧ್ಯಾಯವನ್ನು ವಿವರಿಸಿದ ಮೇಲೆ ಅವನು ಕೇಳಿದನು, "ಉಪದೇಶಿಗಳೇ, ಅವರೆಲ್ಲಾ ಕೂಡಿ ಉಂಡ ಮನೆ ಈಗಲೂ ಇದೆಯೋ?" "ನನಗೆ ತಿಳಿಯದು, ಅಜ್ಜಾ, ಆದರೆ ಆ ಊರು ಇದೆ" ಎಂದೆನು. "ನೀವು ಓದಿದವರು, ಎಂದಾದರೂ ಹೋಗಿ ನೋಡಿ ಬಂದು ನನಗೆ ಹೇಳಬೇಕು" ಎಂದನು. ಆಗಲಿ ಎಂದು ಮಾತು ಕೊಟ್ಟೆನು.

2019ರಲ್ಲಿ ಪರಿಚಿತರಾದ ಕೆಲವರು ಆ ಕಡೆಗೆ ಯಾತ್ರೆ ಹೊರಟರು. ಕಡಿಮೆ ವೆಚ್ಚದಲ್ಲಿ ನನ್ನನ್ನೂ ಕರೆದರು. ಅಂಚೆಯ ಉಳಿತಾಯದ ಪುಸ್ತಕದಲ್ಲಿ ನನಗೆ ಬೇಕಾದಷ್ಟು ಹಣವೂ ಇತ್ತು. ಮನೆಯ ಹಂಚು ಹೊದಿಸಬೇಕೆಂದು ನೆವ ಹೇಳಿದೆನು. ಆದರೆ ನಿಜವಾದ ಕಾರಣವು ಹಂಚಲ್ಲ. ಎರಡು ಸಾವಿರದ ಮುನ್ನೂರು ವರುಷಗಳಿಂದ ನಿಂತಿರುವ ಪಟ್ಟಣವು ಮುಂದಿನ ವರುಷ ಎಲ್ಲಿಗೆ ಹೋದೀತು ಎಂದು ನನ್ನ ಎಣಿಕೆ. ಮುಂದಿನ ವರುಷ ಕೊರೋನಾ ವ್ಯಾಧಿಯು ಬಂತು. 2021ರಲ್ಲಿ ಆ ಮುದುಕನು ಕರ್ತನಲ್ಲಿ ನಿದ್ರೆಹೋದನು. 2022ರಲ್ಲಿ ದಾರಿಗಳು ತೆರೆದಿದ್ದವು. ಆಗಲೂ ಬರುವ ವರುಷ ಎಂದೆನು. ನಾಳೆ ಇಂಥ ಪಟ್ಟಣಕ್ಕೆ ಹೋಗುವೆವೆಂದು ಹೇಳುವವರನ್ನು ಯಾಕೋಬನು ತನ್ನ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಎಚ್ಚರಿಸುತ್ತಾನಷ್ಟೆ. ಅದರ ಮೇಲೆ ನಾನು ಎಷ್ಟೋ ಸಾರಿ ಪ್ರಸಂಗ ಮಾಡಿದ್ದೇನೆ. ಹೋಗುವೆನೆಂದು ಹೆಮ್ಮೆಯಿಂದ ಹೇಳುವವನ ಗರ್ವವನ್ನು ಮಾತ್ರ ಅಲ್ಲಿ ಕಂಡಿದ್ದೆನು. ಹೋಗದೆ ಮುಂದೂಡುವವನಲ್ಲಿಯೂ ಅದೇ ಗರ್ವವಿದೆ ಎಂದು ತೋರಲಿಲ್ಲ. ಅವನೂ ನಾಳೆಯನ್ನು ತನ್ನ ಚೀಲದಲ್ಲಿ ಇಟ್ಟುಕೊಂಡವನಂತೆಯೇ ಮಾತನಾಡುತ್ತಾನೆ.

ಇನ್ನು, ನಾನು ಹೋಗಿದ್ದರೆ ಏನನ್ನು ನೋಡುತ್ತಿದ್ದೆನು? ಪೇತ್ರನು ಉಂಡ ಮನೆಯನ್ನಂತೂ ಅಲ್ಲ. ಆ ಪಟ್ಟಣವು ಬಿದ್ದದ್ದು ಇದೇ ಮೊದಲಲ್ಲ. ಕ್ರಿ. ಶ. 115ರ ಕಂಪನದಲ್ಲಿ ಅಲ್ಲಿ ಇಳಿದಿದ್ದ ತ್ರಾಜಾನ ಚಕ್ರವರ್ತಿಯೇ ಗಾಯಗೊಂಡು ತಪ್ಪಿಸಿಕೊಂಡನು. 526ರಲ್ಲಿ ಹಬ್ಬಕ್ಕಾಗಿ ಜನರು ಕೂಡಿದ್ದಾಗ ಪಟ್ಟಣವು ಕುಸಿದು, ಬೆಂಕಿ ಹತ್ತಿ, ಎರಡೂವರೆ ಲಕ್ಷ ಜನರು ಸತ್ತರೆಂದು ಆ ಕಾಲದ ಚರಿತ್ರೆಕಾರನು ಬರೆದಿದ್ದಾನೆ. 528ರಲ್ಲಿ ಮತ್ತೆ ಕಂಪಿಸಿದ ಮೇಲೆ ಅದಕ್ಕೆ ದೇವರ ಪಟ್ಟಣವೆಂಬ ಅರ್ಥವುಳ್ಳ ಹೊಸ ಹೆಸರನ್ನಿಟ್ಟರು. ಭೂಮಿಯ ದೊಡ್ಡ ಬಿರುಕುಗಳು ಕೂಡುವ ಸ್ಥಳದ ಬಳಿಯಲ್ಲಿ, ಹೊಳೆಯು ತಂದು ಹಾಕಿದ ಮೆತ್ತನೆಯ ಮಣ್ಣಿನ ಮೇಲೆ ಆ ಊರು ಕುಳಿತಿದೆ; ಇಂಥ ಮಣ್ಣು ಕಂಪನವನ್ನು ಇನ್ನೂ ಹೆಚ್ಚಿಸುತ್ತದೆ. ಅದೇ ಮಣ್ಣು ಹಳೆಯ ಪಟ್ಟಣವನ್ನು ಮುಚ್ಚಿಯೂ ಬಿಟ್ಟಿದೆ. 1932ರಿಂದ 1939ರ ವರೆಗೆ ಪಂಡಿತರು ಅಗೆದಾಗ ಹಳೆಯ ಬೀದಿಗಳು ಬಹಳ ಆಳದಲ್ಲಿ ಸಿಕ್ಕಿದವು. ಆದಕಾರಣ ನಾನು ನೋಡಬೇಕೆಂದು ಹಂಬಲಿಸಿದ ಪಟ್ಟಣವು ನಾನು ಹುಟ್ಟುವದಕ್ಕಿಂತ ಎಷ್ಟೋ ಶತಮಾನಗಳ ಮುಂಚೆಯೇ ನೆಲದೊಳಗೆ ಸೇರಿತ್ತು.

ನೋಡಬಹುದಾಗಿದ್ದದ್ದು ಬೇರೆ ಇತ್ತು. ಅಲ್ಲಿ ಇಂದಿನ ವರೆಗೆ ಅರಬಿ ಭಾಷೆಯಲ್ಲಿ ಕರ್ತನನ್ನು ಆರಾಧಿಸುತ್ತಿದ್ದ ಪೂರ್ವದ ಸಭೆಯವರಿದ್ದರು; ಅವರ ದೇವಾಲಯವು ಬಿದ್ದುಹೋಯಿತು. ಒಂದು ಚಿಕ್ಕ ಪ್ರೊಟೆಸ್ಟಂಟ್ ಸಭೆ ಇತ್ತು. ಅದರ ಮಂದಿರವೂ ಬಿತ್ತು. ಮುಸಲ್ಮಾನರ ಬಹು ಹಳೆಯ ಮಸೀದಿಯೂ ಹಾಳಾಯಿತು. ಎರಡು ಸಾವಿರ ವರುಷಕ್ಕೂ ಹೆಚ್ಚು ಕಾಲ ಅಲ್ಲಿ ವಾಸಿಸಿದ ಯೆಹೂದ್ಯರಲ್ಲಿ ಉಳಿದಿದ್ದವರು ಬೆರಳೆಣಿಕೆಯಷ್ಟೇ; ಅವರ ಮುಖ್ಯಸ್ಥನೂ ಅವನ ಹೆಂಡತಿಯೂ ಮನೆಯ ಕೆಳಗೆ ಸಿಕ್ಕಿ ಸತ್ತರು. ಪೇತ್ರನ ಹೆಸರುಳ್ಳ ಗುಹೆಯ ದೇವಾಲಯವು ಮಾತ್ರ, ಬೆಟ್ಟದ ಬಂಡೆಯಲ್ಲಿರುವದರಿಂದ, ಹೆಚ್ಚು ಕೆಡದೆ ಉಳಿಯಿತು. ಯಾತ್ರಿಕರು ನೋಡುವದಕ್ಕೆ ಹೋಗುವದು ಅದನ್ನೇ. ಎಂದರೆ, ನಾನು ಕಳಕೊಂಡೆನೆಂದು ಅತ್ತ ಕಲ್ಲು ನಿಂತಿದೆ. ನೋಡಬೇಕೆಂದು ನನಗೆ ತೋಚದೇ ಇದ್ದ ಜನರು ಹೋದರು.

ಇದು ತಿಳಿದ ಮೇಲೆ ಅಪೊಸ್ತಲರ ಕೃತ್ಯಗಳ 11ನೆಯ ಅಧ್ಯಾಯವನ್ನು ಪುನಃ ತೆರೆದೆನು. ಬಾರ್ನಬನು ಯೆರೂಸಲೇಮಿನಿಂದ ಅಂತಿಯೋಕ್ಯಕ್ಕೆ ಬಂದಾಗ ಅದು ರೋಮ್ ರಾಜ್ಯದ ಅತಿ ದೊಡ್ಡ ಪಟ್ಟಣಗಳಲ್ಲಿ ಒಂದು. ಅದರ ಕಂಬಸಾಲಿನ ಬೀದಿಯನ್ನಾಗಲಿ ಅರಮನೆಯನ್ನಾಗಲಿ ಅವನು ನೋಡಿದನೆಂದು ಲೂಕನು ಒಂದು ಮಾತೂ ಬರೆಯುವದಿಲ್ಲ. ಅಲ್ಲಿಯ ಜನರಲ್ಲಿ ಕಾಣಿಸಿದ ದೇವರ ಕೃಪೆಯನ್ನು ಅವನು ಕಂಡು ಹರ್ಷಿಸಿದನೆಂದು ಬರೆಯುತ್ತಾನೆ.

ನಮ್ಮವರಲ್ಲಿ ಒಬ್ಬರು ಇದೆಲ್ಲಾ ಆ ಊರಿನ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಸಿಲೊವದ ಗೋಪುರವು ಬಿದ್ದು ಸತ್ತ ಹದಿನೆಂಟು ಮಂದಿಯ ವಿಷಯದಲ್ಲಿ ಕರ್ತನು ಲೂಕ 13ರಲ್ಲಿ ಕೊಟ್ಟ ಉತ್ತರವೇ ಅವರಿಗೆ ಸಾಕು. ಪಾಪವನ್ನು ಹುಡುಕುವವರಿಗೆ ಅದು ಹತ್ತಿರದಲ್ಲಿಯೇ ಸಿಕ್ಕೀತು. ಕಟ್ಟಳೆ ಮೀರಿ ಕಟ್ಟಿದ ಮನೆಗಳನ್ನು ಹಣ ಕಟ್ಟಿಸಿಕೊಂಡು ಸಕ್ರಮ ಮಾಡುವ ಕಾಯಿದೆಯು ಆ ದೇಶದಲ್ಲಿ 2018ರಲ್ಲಿ ಆಗಿತ್ತು. ಸತ್ತವರು ಆ ಮನೆಗಳಲ್ಲಿ ಮಲಗಿದ್ದವರು, ಕಾಯಿದೆ ಮಾಡಿದವರಲ್ಲ.

ಹಾಗಾದರೆ ಕಾಣದೆ ಹೋದೆನೆಂಬ ನನ್ನ ವ್ಯಥೆಯು ಬರೇ ಪಾಪವೋ? ಹಾಗೆ ಹೇಳಲಾರೆನು. ಯೋನನು ತನಗೆ ನೆರಳು ಕೊಟ್ಟ ಸೋರೆಗಿಡಕ್ಕಾಗಿ ದುಃಖಿಸಿದಾಗ ದೇವರು ಅವನ ದುಃಖವನ್ನು ಕಿತ್ತುಹಾಕಲಿಲ್ಲ. ಅದನ್ನೇ ಹಿಡಿದು ನಿನೆವೆಯ ಜನರ ಕಡೆಗೆ, ಅವರ ದನಗಳ ಕಡೆಗೂ ಸಹ, ಅವನ ಮುಖವನ್ನು ತಿರುಗಿಸಿದನು. ಯೋನನು ತಿರುಗಿದನೋ ಇಲ್ಲವೋ ಆ ಪುಸ್ತಕವು ಹೇಳುವದಿಲ್ಲ. ನನ್ನ ಸೋರೆಗಿಡವು ಆ ನಕಾಶೆಯ ಮೇಲಿನ ಚುಕ್ಕೆ. ಅದರ ಮೇಲೆ ಮಮತೆ ಇಲ್ಲದಿದ್ದರೆ ಸತ್ತವರ ಸುದ್ದಿಯನ್ನು ನಾನು ಪತ್ರಿಕೆಯ ಬೇರೆ ಸುದ್ದಿಗಳಂತೆಯೇ ಓದಿ ಮಡಿಸಿಡುತ್ತಿದ್ದೆನೆಂಬದೂ ನಿಜ. ಆದರೆ ಮುದುಕನಿಗೆ ಕೊಟ್ಟ ಮಾತಿನ ವಿಷಯದಲ್ಲಿ ಇಂಥ ಸಮಾಧಾನವು ನನಗೆ ದೊರಕಲಿಲ್ಲ. ಅಂತಿಯೋಕ್ಯವು ಬೀಳುವದಕ್ಕಿಂತ ಎರಡು ವರುಷ ಮುಂಚೆಯೇ ಆ ಮಾತು ಬಿದ್ದುಹೋಗಿತ್ತು. ಅದಕ್ಕೆ ಯಾವ ಭೂಕಂಪವನ್ನೂ ದೂರುವಂತಿಲ್ಲ.

ಮುಂದಿನ ಆದಿತ್ಯವಾರ ಅದೇ 11ನೆಯ ಅಧ್ಯಾಯದ ಕೊನೆಯ ಭಾಗವನ್ನು ಸಭೆಯಲ್ಲಿ ಓದಿದೆನು. ಲೋಕದಲ್ಲೆಲ್ಲಾ ಬರ ಬರುವದೆಂದು ಅಗಬನು ಹೇಳಿದಾಗ, ತಾವು ಎಂದೂ ಕಾಣದ ಯೂದಾಯದ ಸಹೋದರರಿಗೆ ಅಂತಿಯೋಕ್ಯದವರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಸಹಾಯ ಕಳುಹಿಸಿದ ಸಂಗತಿಯು ಅಲ್ಲಿದೆ. ಹಿಡಿ ಅಕ್ಕಿಯನ್ನು ಕೂಡಿಸಿ ಮಾರಿ, ಬಂದ ಹಣವನ್ನು ಸಭಾಪಾಲಕರ ಮೂಲಕ ಕಳುಹಿಸುವದೆಂದು ನಿಶ್ಚಯವಾಯಿತು. ಯಾತ್ರೆಗೆಂದು ಇಟ್ಟಿದ್ದ ಹಣದಲ್ಲಿ ಅರ್ಧವನ್ನು ನಾನು ಹಾಕಿದೆನು. ಉಳಿದ ಅರ್ಧವನ್ನು ಯಾಕೆ ಇಟ್ಟುಕೊಂಡೆನೆಂದು ನನ್ನ ಹೆಂಡತಿಯು ಕೇಳಿದ್ದಕ್ಕೆ ನಾನು ಸರಿಯಾದ ಉತ್ತರ ಕೊಡಲಿಲ್ಲ.

ಆ ಮುದುಕನ ಹೆಂಡತಿಯು ಸೆರಗಿನಲ್ಲಿ ಅಕ್ಕಿಯನ್ನು ಗಂಟುಕಟ್ಟಿಕೊಂಡು ಎಲ್ಲರ ಕಡೆಗೆ ಬಂದಳು. "ಯಜಮಾನರು ಕೇಳುತ್ತಿದ್ದ ಊರು ಅದೇ ಅಲ್ಲವೇ, ಉಪದೇಶಿಗಳೇ?" ಎಂದಳು. "ಅದೇ, ಅಜ್ಜೀ" ಎಂದೆನು. "ಈಗ ಅಲ್ಲಿಯವರು ಎಲ್ಲಿ ಉಣ್ಣುತ್ತಾರೆ?" ಬಯಲಿನಲ್ಲಿ ಡೇರೆಗಳನ್ನು ಹಾಕಿ, ದೊಡ್ಡ ಪಾತ್ರೆಗಳಲ್ಲಿ ಬೇಯಿಸಿ, ಬಂದವರಿಗೆ ಬಡಿಸುತ್ತಾರೆಂದು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆನು. "ಎಲ್ಲರಿಗೂ ಒಂದೇ ಸಾಲೋ?" ಎಂದು ಕೇಳಿದಳು. ನಾನು ನೋಡಿ ಬಂದವನಲ್ಲ; ಇರಬೇಕು ಎಂದೆನು. ಆಕೆ ಗಂಟನ್ನು ಬಿಚ್ಚಿ ಅಕ್ಕಿಯನ್ನು ಮೊರಕ್ಕೆ ಸುರಿದು, ಸೆರಗಿಗೆ ಅಂಟಿದ್ದ ಕಾಳುಗಳನ್ನೂ ಒಂದೊಂದಾಗಿ ಬಿಡಿಸಿ ಹಾಕಿದಳು.