ಡ್ರಮ್ಮಿನ ಲೋಳೆ ಮತ್ತು ಪ್ರಮಾದ

ಗಣಿಗಳು ನಡೆಯುತ್ತಿದ್ದಾಗ ಕೆ.ಜಿ.ಎಫ್.ಗೆ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ನೀರು ಬರುತ್ತಿತ್ತು. ಈಗ ಅಲ್ಲಿಯೂ ಬಂಗಾರಪೇಟೆಯಲ್ಲಿಯೂ ಅನೇಕ ಗೃಹಸ್ಥರು ಟ್ಯಾಂಕರಿನ ನೀರನ್ನು ಡ್ರಮ್ಮುಗಳಲ್ಲಿ ದಿನಗಟ್ಟಲೆ ಕೂಡಿಡುತ್ತಾರೆ. ಡ್ರಮ್ಮಿನ ಒಳಮೈಯನ್ನು ಮುಟ್ಟಿದರೆ ಬೆರಳಿಗೆ ಹತ್ತುವ ಲೋಳೆಯೇ ವಿಜ್ಞಾನಿಗಳು ಹೇಳುವ ಬಯೋಫಿಲ್ಮ್. ಅಗಣಿತ ಸೂಕ್ಷ್ಮಜೀವಿಗಳು ತಾವೇ ಸ್ರವಿಸಿದ ಅಂಟಿನೊಳಗೆ ನೆಲೆಸಿರುತ್ತವೆ. ಕ್ಲೋರಿನ್ ಸಹ ಅಲ್ಲಿಗೆ ಸುಲಭವಾಗಿ ಹೊಗದು.

ಇದನ್ನು ಉಜ್ಜಿ ತೊಳೆಯುವುದು ಹಿಂಸೆಯಲ್ಲವೇ ಎಂದು ಕೆಲವು ಶ್ರಾವಕರು ಶಂಕಿಸುವುದುಂಟು. ಶಂಕೆ ಹಗುರವಾದುದಲ್ಲ. ಆದರೆ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೊದಲಿಟ್ಟಿದ್ದಾರೆ. ತೊಳೆಯುವ ದಿನದ ಹಿಂಸೆಗೆ ತೊಳೆಯದೆ ಬಿಟ್ಟ ದಿನಗಳೇ ಕಾರಣ. ಲೋಳೆಯಲ್ಲಿ ಅಡಗಿದ ರೋಗಾಣು ಮನೆಯ ಮಗುವಿಗೆ ತಗುಲಿದರೆ ಆ ಹೊಣೆಯೂ ಬೇರೆ. ಸೋಸಿದ ನೀರಿಗೂ ಎರಡು ಘಳಿಗೆಯ, ಎಂದರೆ 48 ನಿಮಿಷಗಳ, ಮಿತಿಯನ್ನಿಟ್ಟ ಸಮಾಜವಿದು. ಪಾತ್ರೆಗೆ ಮಿತಿಯೇ ಬೇಡವೇ? ಬರಿದಾದೊಡನೆ ಒರೆಸಿ, ಬಿಸಿಲಿನಲ್ಲಿ ಒಣಗಿಸಿದ ಡ್ರಮ್ಮಿನಲ್ಲಿ ಲೋಳೆ ಬೇಗ ಕಟ್ಟದು. ಮುಂದಿನ ಟ್ಯಾಂಕರ್ ಬರುವ ಮುನ್ನ ಅಷ್ಟು ಬಿಡುವಂತೂ ಸಿಗುತ್ತದೆ.