ಉಸಿರಿನ ಲೆಕ್ಕ

ಒಂದು ವಸ್ತುವನ್ನು ಮುಟ್ಟಿ ಹಾಳುಮಾಡಬಹುದು, ಕೆತ್ತಿ ಹಾಳುಮಾಡಬಹುದು, ಕದ್ದೊಯ್ದೂ ಹಾಳುಮಾಡಬಹುದು. ಆದರೆ ಪ್ರೀತಿಯಿಂದ, ಕೈಕಟ್ಟಿ ನಿಂತು, ಬರೀ ನೋಡಿ ಹಾಳುಮಾಡಲು ಸಾಧ್ಯವೇ? ಸ್ಪೇನ್ ದೇಶದ ಉತ್ತರ ಕರಾವಳಿಯಲ್ಲಿರುವ ಅಲ್ತಮೀರ ಗುಹೆಯ ಮಟ್ಟಿಗೆ ಹೇಳುವುದಾದರೆ, ಸಾಧ್ಯ. ನೋಡಲು ಬಂದವರು ಉಸಿರಾಡುತ್ತಾರೆ. ಆ ಉಸಿರೇ ಅಲ್ಲಿನ ಚಿತ್ರಗಳಿಗೆ ಕುತ್ತು. ಹಾಗಿದ್ದರೆ ಅವುಗಳನ್ನು ನೋಡುವ ಹಕ್ಕು ಯಾರಿಗಿದೆ? ಕಳೆದ ವಸಂತದ ಒಂದು ವಾರಾಂತ್ಯದಲ್ಲಿ ಒಬ್ಬಳೇ ಆ ಕಡೆ ಸುತ್ತಾಡಿ ಬಂದಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಾನು ತತ್ತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವುದು ಫ್ರಾನ್ಸಿನ ಬೋರ್ಡೋದಲ್ಲಿ. ಅಲ್ಲಿಂದ ಶುಕ್ರವಾರ ಮಧ್ಯಾಹ್ನ ಬಸ್ ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಗಡಿ ದಾಟಿ ಬಿಲ್ಬಾವೊ ತಲುಪಬಹುದು. ಮರುದಿನ ಬೆಳಿಗ್ಗೆ ಅಲ್ಲಿಂದ ಸಾಂತಾಂದೇರ್, ಅಲ್ಲಿ ಬಸ್ ಬದಲಿಸಿ ಪಶ್ಚಿಮಕ್ಕೆ ಸುಮಾರು 30 ಕಿ.ಮೀ. ಹೋದರೆ ಸಾಂತಿಯಾನ ದೆಲ್ ಮಾರ್ ಎಂಬ ಪುಟ್ಟ ಊರು. ಸ್ಪೇನ್ ಎಂದರೆ ಸುಡುಬಿಸಿಲು, ಒಣನೆಲ ಎಂದುಕೊಂಡವರಿಗೆ ಈ ಕಾಂತಾಬ್ರಿಯ ಪ್ರಾಂತ್ಯ ಬೇರೆಯೇ ದೇಶದಂತೆ ಕಾಣುತ್ತದೆ. ಹಸಿರು ಗುಡ್ಡ, ಮೇಯುವ ದನ, ಕೆಂಪು ಹಂಚಿನ ಮನೆ, ನಿಂತೂ ನಿಲ್ಲದ ಸೋನೆಮಳೆ. ತೀರ್ಥಹಳ್ಳಿ ಕಡೆಯವಳಾದ ನನಗೆ ಬಸ್ಸಿನ ಕಿಟಕಿಯಾಚೆ ಅಪರಿಚಿತವಾದದ್ದು ಅಂಗಡಿಯ ಬೋರ್ಡುಗಳು ಮಾತ್ರ.

ಸಾಂತಿಯಾನ ದೆಲ್ ಮಾರ್ ಊರಿಗೆ ‘ಮೂರು ಸುಳ್ಳುಗಳ ಊರು’ ಎಂಬ ಅಡ್ಡಹೆಸರಿದೆ. ಹೆಸರನ್ನು ಬಿಡಿಸಿದರೆ ‘ಸಾಂತಾ’ ಎಂದರೆ ಪವಿತ್ರ, ‘ಯಾನ’ ಎಂದರೆ ಸಮತಟ್ಟು, ‘ಮಾರ್’ ಎಂದರೆ ಕಡಲು. ಆದರೆ ಊರು ಪವಿತ್ರವೂ ಅಲ್ಲ, ಸಮತಟ್ಟೂ ಅಲ್ಲ, ಕಡಲ ದಂಡೆಯಲ್ಲೂ ಇಲ್ಲ ಎಂದು ಜನ ತಮಾಷೆ ಮಾಡುತ್ತಾರೆ. ನಿಜಕ್ಕೂ ಆ ಹೆಸರು ಬಂದಿರುವುದು ಹುಲಿಯಾನಾ ಎಂಬ ಸಂತಳಿಂದ. ಈ ಊರಿಗೆ ಬರುವ ಬಹಳಷ್ಟು ಪ್ರವಾಸಿಗರು ಹುಡುಕಿ ಹೋಗುವುದೂ ಒಂದು ಬಗೆಯ ಸುಳ್ಳನ್ನೇ. ಅಲ್ತಮೀರ ಇರುವುದು ಇಲ್ಲಿಂದ 2 ಕಿ.ಮೀ. ದೂರದಲ್ಲಿ, ಆದರೆ ಅಲ್ಲಿ ನಮಗೆ ನೋಡಸಿಗುವುದು ಗುಹೆಯಲ್ಲ, ಗುಹೆಯ ಪ್ರತಿಕೃತಿ.

ಗುಹೆ ಬೆಳಕಿಗೆ ಬಂದ ಕತೆಯನ್ನು ಮೊದಲು ಹೇಳಬೇಕು. 1879ರಲ್ಲಿ ಮಾರ್ಸೆಲಿನೊ ಸಾನ್ಸ್ ದೆ ಸೌತುವೊಲಾ ಎಂಬ ಸ್ಥಳೀಯ ಜಮೀನುದಾರ, ಹಳೆಯ ಕಾಲದ ಕಲ್ಲಿನ ಉಪಕರಣಗಳಿಗಾಗಿ ಗುಹೆಯ ನೆಲ ಕೆದಕುತ್ತಿದ್ದ. ಜೊತೆಗೆ ಬಂದಿದ್ದ ಪುಟ್ಟ ಮಗಳು ಮರಿಯಾ ತಲೆಯೆತ್ತಿ ಛಾವಣಿ ನೋಡಿದಳು. ಅಲ್ಲಿ ನಮ್ಮ ಕಾಟಿಯ ದೂರದ ನೆಂಟರಾದ ಬೈಸನ್‌ಗಳ ಹಿಂಡೇ ಇತ್ತು. ಕೆಮ್ಮಣ್ಣು ಮತ್ತು ಇದ್ದಿಲಿನಲ್ಲಿ ಬರೆದ ಮೈ. ಬಂಡೆಯ ಉಬ್ಬುಗಳನ್ನೇ ಭುಜವಾಗಿ, ಸೊಂಟವಾಗಿ ಬಳಸಿಕೊಂಡ ಜಾಣ್ಮೆ. ಮರುವರ್ಷ ಸೌತುವೊಲಾ ಇದನ್ನು ಪ್ರಕಟಿಸಿ, ಇವು ಶಿಲಾಯುಗದವು ಎಂದಾಗ ವಿದ್ವಾಂಸರು ನಂಬಲಿಲ್ಲ. ಇಷ್ಟು ಚೆಂದದ ಚಿತ್ರವನ್ನು ಆದಿಮಾನವ ಬರೆದಿರಲಾರ, ಇದು ಯಾರೋ ಇತ್ತೀಚೆಗೆ ಬರೆದದ್ದು ಎಂಬ ಗುಮಾನಿ ಹಬ್ಬಿತು. ವಿರೋಧಿಗಳಲ್ಲಿ ಪ್ರಮುಖನಾದ ಫ್ರಾನ್ಸಿನ ಎಮಿಲ್ ಕಾರ್ತೈಯಾಕ್ ಸ್ವತಃ ಬಂದು ನೋಡಿರಲೇ ಇಲ್ಲ. ಸೌತುವೊಲಾ 1888ರಲ್ಲಿ ತೀರಿಕೊಂಡ. ಕಾರ್ತೈಯಾಕ್ ಬಹಿರಂಗವಾಗಿ ತಪ್ಪೊಪ್ಪಿಕೊಂಡಿದ್ದು 1902ರಲ್ಲಿ.

ನೋಡುವುದು ಬರೀ ಸುಖವಲ್ಲ, ಕೆಲವೊಮ್ಮೆ ಅದು ನ್ಯಾಯವೂ ಹೌದು ಎಂಬುದು ಈ ಕತೆಯಿಂದ ತಿಳಿಯುತ್ತದೆ. ಆಮೇಲೆ ನೋಡುವವರ ದಂಡೇ ಬಂತು. 1970ರ ದಶಕದ ಆರಂಭದಲ್ಲಿ ಒಂದೇ ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಒಳಹೊಕ್ಕರು. ಒಬ್ಬ ಮನುಷ್ಯ ಒಳಗೆ ಹೋದರೆ ಅವನ ಮೈಯ ಬಿಸಿ, ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್, ಬಟ್ಟೆಯ ಎಳೆ, ಚರ್ಮದ ಹೊಟ್ಟು, ಚಪ್ಪಲಿಗಂಟಿದ ಸೂಕ್ಷ್ಮಜೀವಿಗಳು ಎಲ್ಲವೂ ಹೋಗುತ್ತವೆ. ಬಂಡೆಯ ಮೇಲೆ ಕೂತ ನೀರಹನಿಯಲ್ಲಿ ಆ ಅನಿಲ ಕರಗಿ ಆಮ್ಲವಾಗುತ್ತದೆ, ಆಮ್ಲ ಸುಣ್ಣಕಲ್ಲನ್ನು ತಿನ್ನುತ್ತದೆ. ದೀಪ ಹಾಕಿದಲ್ಲಿ ಪಾಚಿ ಕಟ್ಟುತ್ತದೆ. 1977ರಲ್ಲಿ ಗುಹೆ ಮುಚ್ಚಿದರು. 1982ರಲ್ಲಿ ವರ್ಷಕ್ಕೆ ಕೆಲವೇ ಸಾವಿರ ಜನರಿಗೆಂದು ತೆರೆದರು. 2002ರಲ್ಲಿ ಮತ್ತೆ ಮುಚ್ಚಿದರು. ತೆರೆಯಬಾರದು ಎಂದು ವಿಜ್ಞಾನಿಗಳು ಹೇಳುತ್ತಿದ್ದರೆ, ಪ್ರವಾಸೋದ್ಯಮವನ್ನು ನೆಚ್ಚಿಕೊಂಡ ಪ್ರಾಂತ್ಯದ ಆಡಳಿತ ತೆರೆಯಲೇಬೇಕೆಂದು ಒತ್ತಾಯಿಸುತ್ತಿತ್ತು. ಕೊನೆಗೆ 2014ರಲ್ಲಿ ಒಂದು ಪ್ರಯೋಗ ಶುರುವಾಯಿತು. ವಾರಕ್ಕೊಮ್ಮೆ ಐದು ಜನ, ಅದೂ ಆ ದಿನ ಮ್ಯೂಸಿಯಂಗೆ ಬಂದವರಲ್ಲಿ ಚೀಟಿ ಎತ್ತಿ ಆರಿಸಿದವರು, ರಕ್ಷಣೆಯ ಉಡುಪು ತೊಟ್ಟು ಒಂದಿಷ್ಟು ನಿಮಿಷ ಒಳಗೆ ಹೋಗಿಬರಬಹುದಿತ್ತು.

ನಾನು ಹೋಗಿದ್ದು 2001ರಲ್ಲಿ ತೆರೆದ ಪ್ರತಿಕೃತಿಗೆ. ಶನಿವಾರ ಮಧ್ಯಾಹ್ನದ ಮೇಲೆ ಟಿಕೆಟ್ ಇಲ್ಲ, ಸ್ಕಾಲರ್‌ಶಿಪ್ಪಿನಲ್ಲಿ ಬದುಕುವವರಿಗೆ ಅದೂ ಒಂದು ಆಕರ್ಷಣೆ. ಬಂಡೆಯ ಒಂದೊಂದು ಉಬ್ಬುತಗ್ಗನ್ನೂ ಅಳೆದು ಛಾವಣಿಯನ್ನು ಮರುಸೃಷ್ಟಿಸಿದ್ದಾರೆ. ಮತಿಲ್ದೆ ಮುಸ್ಕಿಸ್ ಮತ್ತು ಪೆದ್ರೊ ಸೌರಾ ಎಂಬ ಕಲಾವಿದರು ಮೂಲದಲ್ಲಿದ್ದಂಥದೇ ಬಣ್ಣಗಳಿಂದ ಅದರ ಮೇಲೆ ಕೈಯಾರೆ ಚಿತ್ರ ಬರೆದಿದ್ದಾರೆ. ಇನ್ನೊಂದು ವಿಶೇಷವಿದೆ. ಸುಮಾರು 13,000 ವರ್ಷಗಳ ಹಿಂದೆ ಮೂಲ ಗುಹೆಯ ಬಾಯಿ ಕುಸಿಯಿತು. ಮುಂದೆ ಪ್ರವಾಸಿಗರು ನಿಂತು ನೋಡಲೆಂದು ಒಳಗಿನ ನೆಲವನ್ನೂ ಅಗೆದರು. ಪ್ರತಿಕೃತಿಯಲ್ಲಿ ಮಾತ್ರ ಗುಹೆಯ ಬಾಯಿ ಅಗಲವಾಗಿ ತೆರೆದಿದೆ, ಹಗಲಿನ ಬೆಳಕು ಒಳಬರುತ್ತದೆ. ಅಂದರೆ ಶಿಲಾಯುಗದವರು ವಾಸಿಸಿದ ಗುಹೆ ಹೇಗಿತ್ತೆಂಬುದನ್ನು ಮೂಲಕ್ಕಿಂತ ನಕಲೇ ಚೆನ್ನಾಗಿ ತೋರಿಸುತ್ತದೆ.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅಲ್ಲೀವರೆಗೆ ಹೋಗಿ ನಕಲು ನೋಡ್ಕಂಡು ಬಂದ್ಯಾ?" ಎಂದಳು. ಯಾಕೆ ಮುಚ್ಚಿದ್ದಾರೆ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಉತ್ಸವಮೂರ್ತಿ ನೋಡ್ದೆ ಅನ್ನು. ಮೂಲ ವಿಗ್ರಹ ಗರ್ಭಗುಡೀಲೇ ಇರ್ಲಿ ಬಿಡು," ಎಂದಳು.

ನಕಲು ಎಂಬ ಮಾತಿಗಿಂತ ಇದು ಎಷ್ಟೋ ವಾಸಿ. ಮೂಲ ವಿಗ್ರಹ ಅಲುಗಾಡುವುದಿಲ್ಲ, ಅದರ ಪರವಾಗಿ ಉತ್ಸವಮೂರ್ತಿ ಬೀದಿಗೆ ಬರುತ್ತದೆ, ಜನರ ನಡುವೆ ಓಡಾಡುತ್ತದೆ. ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಆದರೆ ಅಮ್ಮನ ಹೋಲಿಕೆ ಸಮಾಧಾನ ಕೊಟ್ಟಷ್ಟೇ ಕಸಿವಿಸಿಯನ್ನೂ ತಂದಿತು. ಗರ್ಭಗುಡಿಯ ಬಾಗಿಲಿಗೆ ನಮ್ಮಲ್ಲಿ ಬೇರೊಂದು ಚರಿತ್ರೆಯಿದೆ. ಉಡುಪಿಯಲ್ಲಿ ಜಾತಿಯ ಕಾರಣಕ್ಕೆ ಕನಕದಾಸರನ್ನು ಹೊರಗೆ ನಿಲ್ಲಿಸಿದರೆಂದೂ, ಗೋಡೆ ಬಿರಿದು ಕೃಷ್ಣ ಅವರತ್ತ ತಿರುಗಿದನೆಂದೂ ಐತಿಹ್ಯ ಹೇಳುತ್ತದೆ. ಆ ಕಿಂಡಿಯನ್ನು ಭಕ್ತಿಯ ಗೆಲುವು ಎಂದು ಕೊಂಡಾಡುತ್ತೇವೆ. ಬಾಗಿಲು ಮಾತ್ರ ಬಾಗಿಲಾಗಿಯೇ ಉಳಿಯಿತು. ‘ನೀನು ಬಂದರೆ ಮೈಲಿಗೆ’ ಎಂದವರೂ ತಾವು ಪವಿತ್ರವಾದ ಏನನ್ನೋ ಕಾಪಾಡುತ್ತಿದ್ದೇವೆ ಎಂದೇ ನಂಬಿದ್ದರು. ‘ನಿನ್ನ ಉಸಿರು ತಾಗಿದರೆ ಚಿತ್ರ ಕೆಡುತ್ತದೆ’ ಎಂಬ ಮಾತಿಗೂ ಅದಕ್ಕೂ ಏನು ವ್ಯತ್ಯಾಸ?

ವ್ಯತ್ಯಾಸವಿದೆ ಎಂದೇ ನನ್ನ ನಂಬಿಕೆ, ಆದರೆ ಅದನ್ನು ಪ್ರತಿಸಲವೂ ಸಾಬೀತು ಮಾಡಬೇಕು. ಮೊದಲನೆಯದು, ಕೊಡುವ ಕಾರಣ ಅಳತೆಗೆ ಸಿಗಬೇಕು. ಗುಹೆಯ ತಾಪ, ತೇವ, ಅನಿಲದ ಪ್ರಮಾಣವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಮೈಲಿಗೆಯನ್ನು ಅಳೆಯುವ ಉಪಕರಣ ಇಲ್ಲ. ಎರಡನೆಯದು, ಆ ಕಾರಣ ಎಲ್ಲರಿಗೂ ಒಂದೇ ಆಗಿರಬೇಕು. ಮಂತ್ರಿಯ ಉಸಿರಿನಲ್ಲೂ ನನ್ನ ಉಸಿರಿನಲ್ಲೂ ಇರುವುದು ಅದೇ ಅನಿಲ. ಮಂತ್ರಿಗೆ, ದುಡ್ಡಿದ್ದವರಿಗೆ ಹಿಂಬಾಗಿಲು ತೆರೆದ ದಿನ ಆ ಮುಚ್ಚಿದ ಬಾಗಿಲು ಅನ್ಯಾಯದ ಬಾಗಿಲಾಗುತ್ತದೆ. ಹಾಗಾಗಿಯೇ ಚೀಟಿ ಎತ್ತುವ ಆ ಕ್ರಮ ನನಗೆ ಇಷ್ಟವಾಯಿತು. ಚೀಟಿಗೆ ಜಾತಿ, ಪಾಸ್‌ಪೋರ್ಟ್, ಶಿಫಾರಸು ಯಾವುದೂ ತಿಳಿಯುವುದಿಲ್ಲ. ಒಳಹೋಗಿ ದುರಸ್ತಿ ಮಾಡುವ, ಅಧ್ಯಯನ ಮಾಡುವ ತಜ್ಞರಿಗೂ ಇದೇ ಮಾತು. ಅವರು ಹೋಗುವುದು ಕೆಲಸಕ್ಕಾಗಿ, ಸವಲತ್ತಿಗಾಗಿ ಅಲ್ಲ ಎಂಬುದು ಕಾಣುವಂತಿರಬೇಕು.

‘ನಾನೊಬ್ಬಳು ಹೋದರೆ ಏನಾದೀತು?’ ಎಂಬ ವಾದವೂ ಇದೆ. ನಿಜ, ಒಬ್ಬರ ಉಸಿರಿನಿಂದ ಆದ ಹಾನಿ ಯಾವ ಕಣ್ಣಿಗೂ ಕಾಣದು. ಡೆರೆಕ್ ಪಾರ್ಫಿಟ್ ಎಂಬ ದಾರ್ಶನಿಕ 1984ರ ತನ್ನ ಪುಸ್ತಕದಲ್ಲಿ ನೀತಿಯ ಲೆಕ್ಕದಲ್ಲಿ ನಾವು ಮಾಡುವ ತಪ್ಪುಗಳನ್ನು ಪಟ್ಟಿ ಮಾಡುತ್ತಾನೆ. ನನ್ನ ಪಾಲು ಕಣ್ಣಿಗೆ ಕಾಣದಷ್ಟು ಚಿಕ್ಕದು, ಆದ್ದರಿಂದ ಅದು ತಪ್ಪಲ್ಲ ಎಂದುಕೊಳ್ಳುವುದು ಅವುಗಳಲ್ಲೊಂದು. ಲಕ್ಷ ಜನ ಹೀಗೇ ಅಂದುಕೊಂಡರೆ ಯಾರೂ ತಪ್ಪು ಮಾಡಿರುವುದಿಲ್ಲ, ಚಿತ್ರ ಮಾತ್ರ ಅಳಿಸಿಹೋಗಿರುತ್ತದೆ. ಹಂಪಿಯ ವಿಠಲ ದೇವಾಲಯದ ಸಪ್ತಸ್ವರದ ಕಂಬಗಳನ್ನು ಈಗ ತಟ್ಟುವಂತಿಲ್ಲ. ಬಂದವರೆಲ್ಲ ಒಂದೊಂದೇ ಸಲ ತಟ್ಟಿದರು, ಅಷ್ಟೆ. ಈ ಲೆಕ್ಕದಲ್ಲಿ ಇನ್ನೂ ಹುಟ್ಟದವರ ಪಾಲೂ ಇದೆ. ಸಾಲಿನಲ್ಲಿ ನಿಂತು ಜಗಳವಾಡಲು ಅವರು ಇಲ್ಲಿಲ್ಲ, ಹಾಗಾಗಿ ನಮ್ಮ ಆಸೆ ಅವರ ಆಸೆಗಿಂತ ದೊಡ್ಡದಾಗಿ ಕೇಳಿಸುತ್ತದೆ.

ಇಷ್ಟೆಲ್ಲ ಹೇಳಿದಮೇಲೂ ಮೂಲವನ್ನು ನೋಡುವ ಆಸೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಭಾನುವಾರ ಪ್ವೆಂತೆ ವ್ಯೆಸ್ಗೊ ಎಂಬ ಹಳ್ಳಿಗೆ ಹೋದೆ. ಅಲ್ಲಿನ ಎಲ್ ಕಾಸ್ತಿಯೊ ಗುಹೆಗೆ ಇಂದಿಗೂ ಸಣ್ಣ ಗುಂಪುಗಳನ್ನು ಗೈಡ್ ಜೊತೆ ಬಿಡುತ್ತಾರೆ. ಫೋಟೊ ತೆಗೆಯುವಂತಿಲ್ಲ. ಕತ್ತಲು, ತಣ್ಣನೆಯ ಗಾಳಿ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಗೈಡ್ ಟಾರ್ಚ್ ಹಿಡಿದಾಗ ಗೋಡೆಯ ಮೇಲೆ ಅಂಗೈಗಳು ಕಂಡವು. ಬಂಡೆಗೆ ಕೈಯಿಟ್ಟು, ಕೆಮ್ಮಣ್ಣಿನ ಬಣ್ಣವನ್ನು ಸುತ್ತ ಊದಿ ಮಾಡಿದ ಗುರುತುಗಳು. ಕೆಲವಕ್ಕೆ 37,000 ವರ್ಷಕ್ಕೂ ಹೆಚ್ಚು ವಯಸ್ಸು. ಅಲ್ಲೇ ಇರುವ ಒಂದು ಕೆಂಪು ಚುಕ್ಕೆಗೆ ಕನಿಷ್ಠ 40,800 ವರ್ಷ ಎಂದು 2012ರಲ್ಲಿ ಗೊತ್ತಾಯಿತು. ಅಲ್ತಮೀರದ ಪ್ರತಿಕೃತಿಯ ಮುಂದೆ ನಾನು ಚಿತ್ರದ ಚೆಲುವನ್ನು ನೋಡಿದ್ದೆ. ಇಲ್ಲಿ ಚೆಲುವು ಕಡಿಮೆ, ಆದರೆ ಎದುರಿಗೆ ಯಾರೋ ಇದ್ದರು. ಈ ಜಾಗದಲ್ಲಿ, ಇದೇ ಕಲ್ಲಿಗೆ ಒಬ್ಬರು ಕೈಯಿಟ್ಟಿದ್ದರು ಎಂಬುದನ್ನು ಯಾವ ಪ್ರತಿಕೃತಿಯೂ ಕೊಡಲಾರದು. ನಕಲಿನಲ್ಲಿ ರೂಪವೆಲ್ಲ ಬರಬಹುದು, ಆ ಸಾಕ್ಷ್ಯ ಬರುವುದಿಲ್ಲ. ಮೂಲವನ್ನು ಉಳಿಸಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ತೋಚುವುದಿಲ್ಲ. ಅದರಿಂದ ದೂರ ನಿಲ್ಲಬೇಕು ಎನ್ನುವುದಕ್ಕೂ ಅದೇ ಕಾರಣ. ಆ ಅಂಗೈಗಳು ಮೂಡಿದ್ದು ಯಾರದೋ ಉಸಿರಿನಿಂದ. ಅಳಿದರೆ ಅದೂ ಉಸಿರಿನಿಂದಲೇ.

ಜಿ. ಇ. ಮೂರ್ 1903ರಲ್ಲಿ ಒಂದು ಪ್ರಶ್ನೆ ಕೇಳಿದ್ದ. ಎರಡು ಲೋಕಗಳಿವೆ, ಒಂದು ತುಂಬ ಸುಂದರ, ಇನ್ನೊಂದು ಕೊಳಕಿನ ರಾಶಿ. ಎರಡನ್ನೂ ಯಾರೂ ಎಂದೂ ನೋಡಲಾರರು. ಆದರೂ ಸುಂದರವಾದದ್ದು ಇರುವುದೇ ಮೇಲಲ್ಲವೇ? ತರಗತಿಯಲ್ಲಿ ಓದಿದಾಗ ಇದು ಬರೀ ಬುದ್ಧಿಯ ಕಸರತ್ತು ಎನಿಸಿತ್ತು. ಆದರೆ ಬಾಯಿ ಕುಸಿದಮೇಲೆ ಅಲ್ತಮೀರದ ಬೈಸನ್‌ಗಳು ಅಂಥದೇ ಲೋಕದಲ್ಲಿದ್ದವು. 13,000 ವರ್ಷ ಯಾರೂ ನೋಡದ ಕತ್ತಲಲ್ಲಿ, ಯಾರೂ ನೋಡದಿದ್ದುದರಿಂದಲೇ ಉಳಿದವು. ನಾವು ನೋಡಿದ್ದಕ್ಕೇ ಅವುಗಳಿಗೆ ಬೆಲೆ ಬಂದದ್ದಲ್ಲ.

ಪ್ರವಾಸ ಎಂದರೆ ನೋಡಿದ ಜಾಗಗಳ ಪಟ್ಟಿ ಎಂದು ನಮಗೆ ಅಭ್ಯಾಸವಾಗಿದೆ. ನೋಡದೆ ಬಿಟ್ಟ ಜಾಗಕ್ಕೂ ಆ ಪಟ್ಟಿಯಲ್ಲಿ ಗೌರವದ ಸ್ಥಾನ ಇರಬಹುದು, ಎರಡು ಷರತ್ತಿನ ಮೇಲೆ. ಬಾಗಿಲು ಎಲ್ಲರಿಗೂ ಸಮಾನವಾಗಿ ಮುಚ್ಚಿರಬೇಕು. ಯಾಕೆ ಮುಚ್ಚಿದೆ ಎಂದು ಕೇಳುವ ಹಕ್ಕು ಎಲ್ಲರಿಗೂ ತೆರೆದಿರಬೇಕು.