ಮುಖ ನೋಡದವರಿಗಾಗಿ ಅಳಬಹುದೇ?

ವಾಕ್ಯಕ್ಕೆ ಹೋಗುವ ಮೊದಲು ಒಂದು ತಪ್ಪನ್ನ ಒಪ್ಪಿಕೊಳ್ಳಬೇಕು. ತಪ್ಪು ನನ್ನದೇ.

ಕೆಲವು ತಿಂಗಳ ಹಿಂದೆ ಆರಾಧನೆ ಮುಗಿದ ಮೇಲೆ ನಮ್ಮ ಯೂತ್‌ನಲ್ಲಿರೋ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು. "ಪಾಸ್ಟರ್, ಒಬ್ಬರು ತೀರಿಕೊಂಡಿದ್ದಾರೆ, ಪ್ರಾರ್ಥನೆ ಮಾಡಿ" ಅಂದ. ಯಾರಪ್ಪಾ, ಸಂಬಂಧಿಕರಾ ಅಂತ ಕೇಳಿದೆ. ಅಲ್ಲ. ಕೋಡಿಂಗ್ ಕಲಿಯೋರ ಒಂದು ಆನ್‌ಲೈನ್ ಗುಂಪಿನಲ್ಲಿದ್ದ ಹಿರಿಯರು. ಆರು ವರ್ಷದಿಂದ ಇವನು ಯಾವ ಪ್ರಶ್ನೆ ಕೇಳಿದರೂ ಬೇಸರವಿಲ್ಲದೆ ಉತ್ತರ ಕೊಟ್ಟವರು. ಇಂಟರ್‌ವ್ಯೂ ಹಿಂದಿನ ರಾತ್ರಿ ಎರಡು ಗಂಟೆ ಕೂತು ಧೈರ್ಯ ಹೇಳಿದವರು. ನಾನು ಏನಂದೆ ಗೊತ್ತಾ? "ಮುಖಾನೇ ನೋಡಿಲ್ವಲ್ಲ ತಮ್ಮಾ, ಇಷ್ಟೊಂದು ಅಳ್ತೀಯಾ? ಬಿಡು, ದೇವರು ನೋಡ್ಕೋತಾರೆ." ಅವನು ತಲೆಯಾಡಿಸಿ ಹೊರಟುಹೋದ. ಅವನು ಹೊರಟ ರೀತಿ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಆದ್ದರಿಂದ ಇವತ್ತಿನ ಪ್ರಶ್ನೆ ಇದು. ಮುಖ ನೋಡದವರಿಗಾಗಿ ದುಃಖಿಸುವುದು ನಿಜವಾದ ದುಃಖವೇ? ಅಥವಾ ಅದು ಮನಸ್ಸು ಕಟ್ಟಿಕೊಂಡ ಒಂದು ಕಲ್ಪನೆಯೇ?

ನಿಮಗೊಂದು ನಿಜವಾದ ಘಟನೆ ಹೇಳ್ತೀನಿ. ನಾರ್ವೆ ದೇಶದಲ್ಲಿ ಮಾಟ್ಸ್ ಸ್ಟೀನ್ ಎಂಬ ಯುವಕನಿದ್ದ. 1989ರಲ್ಲಿ ಹುಟ್ಟಿದವನು. ಅವನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ರೋಗ. ಹುಟ್ಟಿನಿಂದಲೇ ಬರುವ ರೋಗ ಇದು, ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಶಕ್ತಿ ಕಳೆದುಕೊಳ್ಳುತ್ತವೆ. ಮೊದಲು ನಡಿಗೆ ಹೋಗುತ್ತದೆ, ಆಮೇಲೆ ಕೈ, ಕೊನೆಗೆ ಉಸಿರಾಟಕ್ಕೂ ಹೃದಯಕ್ಕೂ ಕಷ್ಟವಾಗುತ್ತದೆ. ಮಾಟ್ಸ್ ಬಾಲ್ಯದಲ್ಲೇ ವೀಲ್‌ಚೇರ್ ಹಿಡಿದ. ದೊಡ್ಡವನಾದ ಮೇಲೆ ದಿನದ ಹೆಚ್ಚು ಹೊತ್ತು ಕಂಪ್ಯೂಟರ್ ಮುಂದೆ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಗೇಮ್‌ನಲ್ಲಿ. ಅಲ್ಲಿ ಅವನ ಹೆಸರು ಇಬೆಲಿನ್.

2014ರ ನವೆಂಬರ್‌ನಲ್ಲಿ ಮಾಟ್ಸ್ ತೀರಿಕೊಂಡ. ವಯಸ್ಸು 25. ತಂದೆತಾಯಿಗೆ ಮಗ ಹೋದ ದುಃಖ ಒಂದು ಕಡೆ. ಅದಕ್ಕಿಂತ ದೊಡ್ಡ ನೋವು ಇನ್ನೊಂದು ಕಡೆ: ನಮ್ಮ ಮಗ ಸ್ನೇಹ ಅಂದ್ರೆ ಏನು, ಪ್ರೀತಿ ಅಂದ್ರೆ ಏನು ಅಂತ ತಿಳಿಯದೇ ಹೋದನಲ್ಲಾ, ಯಾರ ಬದುಕಿಗೂ ಉಪಯೋಗವಾಗಲು ಅವನಿಗೆ ಅವಕಾಶವೇ ಸಿಗಲಿಲ್ಲವಲ್ಲಾ ಅಂತ. ಮಗನ ಬ್ಲಾಗ್‌ನ ಪಾಸ್‌ವರ್ಡ್ ಅವರ ಹತ್ತಿರ ಇತ್ತು. ಅವನು ತೀರಿಕೊಂಡ ಸುದ್ದಿಯನ್ನ ತಂದೆ ಅಲ್ಲಿ ಬರೆದು ತನ್ನ ಇಮೇಲ್ ವಿಳಾಸ ಕೊಟ್ಟರು. ಯಾರಾದರೂ ಒಬ್ಬರು ಓದಿಯಾರು ಅನ್ನೋ ಆಸೆ ಅಷ್ಟೇ.

ಆಮೇಲೆ ಇಮೇಲ್‌ಗಳು ಬರಲು ಶುರುವಾದವು. ಒಂದಾದ ಮೇಲೆ ಒಂದು, ಬೇರೆ ಬೇರೆ ದೇಶಗಳಿಂದ. ಸ್ಟಾರ್‌ಲೈಟ್ ಎಂಬ ಆಟಗಾರರ ಗುಂಪಿನಲ್ಲಿ ಮಾಟ್ಸ್ ವರ್ಷಗಟ್ಟಲೆ ಇದ್ದ. ಅಲ್ಲಿ ಅವನು ಎಲ್ಲರ ಮಾತು ಕೇಳುವವನು. ನೆದರ್ಲೆಂಡ್ಸ್‌ನ ಒಬ್ಬ ಹುಡುಗಿಯ ಕಂಪ್ಯೂಟರನ್ನ ಮನೆಯವರು ಕಿತ್ತುಕೊಂಡಾಗ, ಅವಳು ಒಳಗೊಳಗೇ ಕುಗ್ಗಿಹೋದಾಗ, ಅವಳ ತಂದೆತಾಯಿಗೆ ಇವನು ಪತ್ರ ಬರೆದ. ಇನ್ನೊಬ್ಬ ತಾಯಿಗೆ ಆಟಿಸಂ ಇದ್ದ ಮಗ. ಮಗನ ಹತ್ತಿರ ಹೋಗಲು ಆಕೆಗೆ ದಾರಿಯೇ ತಿಳಿಯುತ್ತಿರಲಿಲ್ಲ, ಅಪ್ಪಿಕೊಳ್ಳಲು ಅವನು ಬಿಡುತ್ತಿರಲಿಲ್ಲ. ಮಗನ ಜೊತೆ ನೀವೂ ಗೇಮ್‌ಗೆ ಬನ್ನಿ ಅಂತ ಮಾಟ್ಸ್ ಸಲಹೆ ಕೊಟ್ಟ. ಆ ತಾಯಿಮಗ ಮೊದಲು ಅಪ್ಪಿಕೊಂಡಿದ್ದು ಆ ಆಟದೊಳಗೆ. ಇಂಥ ಪತ್ರಗಳನ್ನ ಓದಿದಾಗಲೇ ತಂದೆತಾಯಿಗೆ ತಮ್ಮ ಮಗ ಯಾರು ಅಂತ ಗೊತ್ತಾಗಿದ್ದು. ಓಸ್ಲೋದಲ್ಲಿ ಅಂತ್ಯಕ್ರಿಯೆ ನಡೆದಾಗ ಆ ಗುಂಪಿನಿಂದ ಐದು ಜನ ಬಂದರು. ಈ ಜೀವನದ ಬಗ್ಗೆ ಮಾಡಿದ ಡಾಕ್ಯುಮೆಂಟರಿ 2024ರಲ್ಲಿ ನೆಟ್‌ಫ್ಲಿಕ್ಸ್‌ಗೂ ಬಂತು, ನಿಮ್ಮಲ್ಲಿ ಕೆಲವರು ನೋಡಿರಬಹುದು.

ಈಗ ಒಂದು ಮಾತು ಗಮನಿಸಿ. ತಂದೆತಾಯಿ ಪ್ರೀತಿಯಿಲ್ಲದವರಲ್ಲ. ಊಟ ಮಾಡಿಸಿದವರು, ರಾತ್ರಿ ಎದ್ದು ನೋಡಿಕೊಂಡವರು ಅವರೇ. ಅವನ ದೇಹ ಪಟ್ಟ ಕಷ್ಟವನ್ನೆಲ್ಲಾ ಅವರು ನೋಡಿದ್ದರು. ಆದರೆ ಅವನ ಸ್ನೇಹಗಳನ್ನ ನೋಡಿರಲಿಲ್ಲ. ಗೆಳೆಯರು ಅವನ ಸ್ನೇಹವನ್ನ ಉಂಡಿದ್ದರು, ಆದರೆ ಆ ದೇಹದ ಕಷ್ಟವನ್ನ ನೋಡಿರಲಿಲ್ಲ. ಇಬ್ಬರಿಗೂ ಗೊತ್ತಿದ್ದದ್ದು ಅರ್ಧ ಮಾಟ್ಸ್. ಹಾಗಾದರೆ ಒಂದೇ ಮನೆಯಲ್ಲಿ ಇದ್ದೀವಿ, ದಿನಾ ಮುಖ ನೋಡ್ತೀವಿ ಅಂದಮಾತ್ರಕ್ಕೆ ಒಬ್ಬರನ್ನ ಬಲ್ಲೆವು ಅಂತ ಹೇಳೋಕಾಗಲ್ಲ. ಮುಖ ನೋಡಿಲ್ಲ ಅಂದಮಾತ್ರಕ್ಕೆ ಬಲ್ಲೆವು ಅನ್ನೋದು ಸುಳ್ಳೂ ಆಗಲ್ಲ.

ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ತೆಗೆಯಿರಿ. ಯೊಪ್ಪದಲ್ಲಿ ತಬಿಥಾ ಎಂಬ ಶಿಷ್ಯಳು ತೀರಿಕೊಂಡಳು. ಪೇತ್ರ ಬಂದಾಗ ಮೇಲಂತಸ್ತಿನ ಕೋಣೆಯಲ್ಲಿ ವಿಧವೆಯರು ಅಳುತ್ತಾ ನಿಂತಿದ್ದರು. ಕೈಯಲ್ಲಿ ಏನು ಹಿಡಿದಿದ್ದರು? ಆಕೆ ಹೊಲಿದುಕೊಟ್ಟ ಬಟ್ಟೆಗಳು. "ನೋಡಿ ಅಯ್ಯಾ, ಇದು ಆಕೆ ಮಾಡಿಕೊಟ್ಟಿದ್ದು" ಅನ್ನೋ ಥರ. ನೀವು ಆಕೆಗೆ ಏನಾಗಬೇಕು, ಎಷ್ಟು ಹತ್ತಿರದವರು ಅಂತ ಪೇತ್ರ ವಿಚಾರಣೆ ಮಾಡಿದನೆಂದು ವಾಕ್ಯದಲ್ಲಿ ಇಲ್ಲ. ಆ ಬಟ್ಟೆಗಳೇ ಸಾಕ್ಷಿಯಾಗಿದ್ದವು. ಮಾಟ್ಸ್‌ನ ತಂದೆಗೆ ಬಂದ ಇಮೇಲ್‌ಗಳೂ ಅಂಥವೇ ಅಲ್ವಾ? ನಮ್ಮ ತಮ್ಮ ನನ್ನ ಹತ್ತಿರ ಬಂದಾಗ ಅವನ ಕೈಯಲ್ಲೂ ಬಟ್ಟೆ ಇತ್ತು. ಆರು ವರ್ಷದ ಉತ್ತರಗಳು, ಆ ಎರಡು ಗಂಟೆಯ ರಾತ್ರಿ. ನಾನು ನೋಡಲಿಲ್ಲ.

ಆದರೆ ಪಾಸ್ಟರ್, ಆನ್‌ಲೈನ್‌ನಲ್ಲಿ ಎಲ್ಲರೂ ಬೇಕಾದ ಮುಖ ಮಾತ್ರ ತೋರಿಸ್ತಾರಲ್ಲ ಅಂತ ನೀವು ಕೇಳಬಹುದು. ನಿಜ. ಮಾಟ್ಸ್ ಕೂಡ ಬಹಳ ವರ್ಷ ತನ್ನ ರೋಗವನ್ನ ಗೆಳೆಯರಿಂದ ಮುಚ್ಚಿಟ್ಟಿದ್ದ. ಅವನು ದೇವದೂತನೂ ಅಲ್ಲ. ಕೆಲವರ ಮನಸ್ಸು ನೋಯಿಸಿದ, ಜಗಳವಾಡಿದ, ಆಮೇಲೆ ಕ್ಷಮೆ ಕೇಳಿದ. ಆದರೆ ಒಂದು ಪ್ರಶ್ನೆ ನಾನೂ ಕೇಳ್ತೀನಿ. ಭಾನುವಾರ ಇಲ್ಲಿ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತು, ಕೈಯೆತ್ತಿ ಹಲ್ಲೆಲೂಯಾ ಹೇಳಿ, ಒಳಗಿನ ನೋವನ್ನ ಯಾರಿಗೂ ತೋರಿಸದೆ ಮನೆಗೆ ಹೋಗುವವರು ಇಲ್ವಾ? ಮುಖವಾಡ ಹಾಕೋಕೆ ಇಂಟರ್ನೆಟ್ ಬೇಕಾಗಿಲ್ಲ. ಸಂಬಂಧ ನಿಜವೋ ಅಲ್ಲವೋ ಅಂತ ತಿಳಿಯೋದು ಬೇರೆ ಪರೀಕ್ಷೆಯಿಂದ. ಅವರು ನಿಮಗಾಗಿ ತಮ್ಮದೇನಾದರೂ ಖರ್ಚು ಮಾಡಿದರಾ? ಬೇಸರವಾದಾಗಲೂ ಉಳಿದರಾ? ತಪ್ಪಾದಾಗ ತಿರುಗಿ ಬಂದರಾ? ಆನ್‌ಲೈನ್‌ನಲ್ಲಿ ಒಂದು ಬಟನ್ ಒತ್ತಿದರೆ ಹೊರಗೆ ಹೋಗಬಹುದು. ಅಷ್ಟು ಸುಲಭವಾಗಿ ಹೋಗಬಹುದಾದ ಜಾಗದಲ್ಲಿ ಒಬ್ಬರು ವರ್ಷಗಟ್ಟಲೆ ಉಳಿದು ಸಹಾಯ ಮಾಡಿದರೆ ಅದು ಅವರಾಗಿಯೇ ಕೊಟ್ಟದ್ದು.

ಹಾಗಂತ ಸ್ಕ್ರೀನ್ ಸಾಕು ಅಂತ ನಾನು ಹೇಳ್ತಿಲ್ಲ. ಯೋಹಾನನ ಎರಡನೇ ಪತ್ರಿಕೆಯ ಕೊನೆಗೆ ಬನ್ನಿ. ಬರೆಯೋದು ಇನ್ನೂ ಬಹಳ ಇತ್ತು, ಆದರೆ ಕಾಗದ ಮಸಿಯಲ್ಲಿ ಬೇಡ, ಬಂದು ಮುಖಾಮುಖಿ ಮಾತಾಡುವ ಆಸೆ ಅಂತ ಆ ಹಿರಿಯ ಹೇಳ್ತಾನೆ. ಪತ್ರವನ್ನ ಅವನು ತಿರಸ್ಕರಿಸಲಿಲ್ಲ, ಬರೆದೇ ಕಳಿಸಿದ. ಆದರೆ ಪತ್ರದಲ್ಲೇ ನಿಲ್ಲಲೂ ಇಲ್ಲ. ನಿಜವಾದ ಪ್ರೀತಿಗೆ ಈ ಎಳೆತ ಇರುತ್ತದೆ. ಆ ಐದು ಜನ ಓಸ್ಲೋಗೆ ಯಾಕೆ ಬಂದರು? ಇಮೇಲ್ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಬದುಕಿದ್ದಾಗ ನೋಡಲಾಗದ ಗೆಳೆಯನ ಶವಪೆಟ್ಟಿಗೆಯ ಹತ್ತಿರವಾದರೂ ನಿಲ್ಲಬೇಕು ಅನ್ನಿಸಿತು. ವಾಕ್ಯವು ಶರೀರಧಾರಿಯಾಗಿ ಬಂತು ಅಂತ ನಂಬುವ ನಮಗೆ ಇದು ಅರ್ಥವಾಗಬೇಕು.

ಇನ್ನೊಂದು ಮಾತನ್ನ ನೇರವಾಗಿ ಹೇಳ್ತೀನಿ. ತಬಿಥಾ ಎದ್ದಳು. ಮಾಟ್ಸ್ ಏಳಲಿಲ್ಲ. ನಮ್ಮ ತಮ್ಮನಿಗೆ ಸಹಾಯ ಮಾಡಿದ ಹಿರಿಯರೂ ಏಳಲಿಲ್ಲ. ಅವರ ವಿಶ್ವಾಸದ ಲೆಕ್ಕ ಹಾಕೋದು ನಮ್ಮ ಕೆಲಸ ಅಲ್ಲ, ತೀರಿಹೋದವರನ್ನ ನಮ್ಮ ಪ್ರಸಂಗಕ್ಕೆ ಉಪಯೋಗಿಸಿಕೊಳ್ಳೋದು ನ್ಯಾಯವೂ ಅಲ್ಲ. ರೋಮಾಪುರದವರಿಗೆ 12:15ರಲ್ಲಿ ನಮಗೆ ಕೊಟ್ಟಿರೋ ಕೆಲಸ ಸ್ಪಷ್ಟವಾಗಿದೆ: ಅಳುವವರ ಜೊತೆ ಅಳುವುದು. ಯಾರಿಗಾಗಿ ಅಳುತ್ತಿದ್ದಾರೆ ಅಂತ ಮೊದಲು ವಿಚಾರಿಸಿ, ಯೋಗ್ಯವಾದ ಸಂಬಂಧವಾದರೆ ಮಾತ್ರ ಅಳಿ ಅಂತ ಅಲ್ಲಿ ಬರೆದಿಲ್ಲ. ನಾನು ಆ ದಿನ ಇಲ್ಲದ ಷರತ್ತನ್ನ ಸೇರಿಸಿದೆ.

ಆಮೇಲೆ ನಾನು ಆ ತಮ್ಮನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಅವರ ಬಗ್ಗೆ ಹೇಳಪ್ಪಾ" ಅಂದೆ. ಮುಕ್ಕಾಲು ಗಂಟೆ ಹೇಳಿದ. ಕೊನೆಗೆ ನಾನು ಕೇಳಿದ್ದು ಒಂದೇ: ಇದೆಲ್ಲಾ ಅವರ ಮನೆಯವರಿಗೆ ಗೊತ್ತಾ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆ ವಾರವೇ ಗುಂಪಿನವರೆಲ್ಲಾ ಸೇರಿ ಒಂದೊಂದು ನೆನಪು ಬರೆದು ಆ ಮನೆಗೆ ಕಳಿಸಿದರು.

ನಿಮ್ಮಿಂದ ಮೂರು ವಿಷಯ ಕೇಳ್ತೀನಿ. ದೂರದಲ್ಲಿದ್ದು ನಿಮಗೆ ಸಹಾಯ ಮಾಡಿದವರು ತೀರಿಕೊಂಡಿದ್ದರೆ ಅವರ ಮನೆಯವರಿಗೆ ಬರೆಯಿರಿ. ಆ ಬಟ್ಟೆ ನಿಮ್ಮ ಹತ್ತಿರ ಇದೆ, ಅವರ ಹತ್ತಿರ ಇಲ್ಲ. ಎರಡನೆಯದು, ಅವರು ಬದುಕಿದ್ದರೆ ಇವತ್ತೇ ಥ್ಯಾಂಕ್ಸ್ ಹೇಳಿ, ಹೇಗಿದ್ದೀರಾ ಅಂತ ಕೇಳಿ. ಯಾವಾಗಲೂ ಉತ್ತರ ಕೊಡುವವರನ್ನ ಹೇಗಿದ್ದೀರಾ ಅಂತ ಕೇಳುವವರು ಕಡಿಮೆ. ಮೂರನೆಯದು, ನಿಮ್ಮ ಅಪ್ಪ ಅಮ್ಮನಿಗೆ ನಿಮ್ಮ ಗೆಳೆಯರ ಬಗ್ಗೆ ಹೇಳಿ. ಫೋನ್ ಹಿಡಿದು ಯಾಕೆ ನಗ್ತೀರಾ, ಯಾಕೆ ಸಪ್ಪಗಿರ್ತೀರಾ ಅಂತ ಅವರಿಗೂ ಗೊತ್ತಾಗಲಿ. ಅಪ್ಪ ಅಮ್ಮಂದಿರೇ, ಗದರಿಸುವ ಮೊದಲು ಒಂದು ಸಲ ಪಕ್ಕದಲ್ಲಿ ಕೂತು ನೋಡಿ.

ಈಗ ಎಲ್ಲರೂ ಕಣ್ಣು ಮುಚ್ಚೋಣ. ಮುಖ ನೋಡದೆ ನಿಮಗೆ ಒಳ್ಳೆಯದು ಮಾಡಿದ ಒಬ್ಬರ ಹೆಸರನ್ನ ಮನಸ್ಸಿನಲ್ಲಿ ಕರ್ತನಿಗೆ ಹೇಳಿ. ನಿಜವಾದ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಆತನಿಗೆ ಗೊತ್ತು. ಆಮೆನ್.